ಒಂದೇ ಸಲ ಊದಿಸಿ 36 ಅಂದರು, ಹೀಗೆ ಆದವರು ಯಾರಾದರೂ ಇದ್ದೀರಾ?

ಹುಬ್ಬಳ್ಳಿ-ಧಾರವಾಡದವರೇ, ಸ್ವಲ್ಪ ಸಲಹೆ ಬೇಕಿತ್ತು. ಹೋದ ಶನಿವಾರ ರಾತ್ರಿ ನನ್ನ ತಮ್ಮ ಗೋಕುಲ ರಸ್ತೆಯಲ್ಲಿ ಬೈಕ್ ಮೇಲೆ ಬರುವಾಗ ತಡೆದು ಊದಿಸಿದ್ದಾರೆ. 36 ಬಂತು, ಅಂದರೆ 100 ಮಿಲಿ ರಕ್ತಕ್ಕೆ 36 ಮಿಗ್ರಾಂ ಆಲ್ಕೋಹಾಲ್, ಮಿತಿ 30 ಅಂತೆ. ಅವನು ಕುಡಿದೇ ಇಲ್ಲ ಅಂತಾನೆ. ಕೆಮ್ಮಿಗೆ ಹೋಮಿಯೋಪತಿ ಹನಿ ನಾಲಿಗೆ ಮೇಲೆ ಬಿಟ್ಟುಕೊಂಡು ಐದೇ ನಿಮಿಷಕ್ಕೆ ಗೆಳೆಯನ ಮನೆಯಿಂದ ಹೊರಟಿದ್ದನಂತೆ. ಬೇಕಾದರೆ ಗೆರೆ ಮೇಲೆ ನೆಟ್ಟಗೆ ನಡೆದು ತೋರಿಸ್ತೀನಿ ಅಂದರೂ ಯಾರೂ ಕೇಳಲಿಲ್ಲ. ಗಾಡಿ ಸ್ಟೇಷನ್‌ನಲ್ಲಿದೆ, ಮುಂದಿನ ವಾರ ಕೋರ್ಟು. ದಂಡ ಕಟ್ಟಿ ಕೈತೊಳಕೋ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ಆ ಮಷಿನ್ ಅನ್ನು ಎಷ್ಟು ನಂಬಬಹುದು?

ಕೇಶ್ವಾಪುರದಿಂದ
ನಾನು ಕುಡಿದಿದ್ದೆ, ಮೊದಲೇ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ, ಒಂದೂವರೆ ಬಾಟಲಿ ಬಿಯರ್, 61 ಬಂತು. ನಾನೂ ನೆಟ್ಟಗೆ ನಡೆದು ತೋರಿಸಿದ್ದೆ, ಮಾತೂ ಸರಿಯಾಗಿತ್ತು, ಆದರೆ ಅದನ್ನೆಲ್ಲ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ ಅಕ್ಕಾ, ನಮ್ಮಲ್ಲಿ ನಂಬರ್ ಒಂದೇ. ಕೋರ್ಟಿನಲ್ಲಿ ಒಪ್ಪಿಕೊಂಡು 10,000 ಕಟ್ಟಿ ಬಂದೆ. ತಮ್ಮನನ್ನು ಒಬ್ಬನನ್ನೇ ಕೂರಿಸಿಕೊಂಡು ಇನ್ನೊಂದು ಸಲ ಕೇಳಿ. ಬೈಬೇಡಿ, ಸುಮ್ನೆ ಕೇಳಿ. ನಾನೂ ಮನೆಯಲ್ಲಿ ಮೊದಲು ಕೆಮ್ಮಿನ ಔಷಧಿ ಅಂತಲೇ ಹೇಳಿದ್ದೆ.

ಧಾರವಾಡದಿಂದ, ಲ್ಯಾಬ್ ಕೆಲಸದವಳು
ಹನಿಯ ವಿಷಯ ತಳ್ಳಿಹಾಕುವಂಥದ್ದಲ್ಲ. ಮಷಿನ್ ರಕ್ತವನ್ನು ನೋಡಲ್ಲ, ಉಸಿರನ್ನು ನೋಡುತ್ತದೆ. ಶ್ವಾಸಕೋಶದ ಆಳದಿಂದ ಬಂದ 2,100 ಮಿಲಿ ಉಸಿರಿನಲ್ಲಿ ಎಷ್ಟು ಆಲ್ಕೋಹಾಲ್ ಇದೆಯೋ ಅಷ್ಟೇ 1 ಮಿಲಿ ರಕ್ತದಲ್ಲೂ ಇದೆ ಅಂತ ಹಿಡಿದು ಲೆಕ್ಕ ಹಾಕುತ್ತದೆ. ಈ ಪ್ರಮಾಣ ಒಬ್ಬೊಬ್ಬರಲ್ಲಿ ಸ್ವಲ್ಪ ಬೇರೆ, ಹಾಗಾಗಿ 90 ಬಂದವರಿಗೆ ಇದರಿಂದ ಏನೂ ಆಗಲ್ಲ, 30ರ ಆಸುಪಾಸು ಬಂದವರಿಗೆ ಮಾತ್ರ ಇದು ದೊಡ್ಡ ವಿಷಯ. ಇನ್ನು ಬಾಯಲ್ಲೇ ಆಲ್ಕೋಹಾಲ್ ಉಳಿದಿದ್ದರೆ, ಟಿಂಚರ್ (ಆಲ್ಕೋಹಾಲ್‌ನಲ್ಲಿ ಮಾಡಿದ ಔಷಧಿ) ಇರಲಿ, ಮೌತ್‌ವಾಶ್ ಇರಲಿ, ಲೆಕ್ಕವೇ ಕೆಡುತ್ತದೆ. ಕೆಲವು ಹೋಮಿಯೋಪತಿ ಟಿಂಚರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆಲ್ಕೋಹಾಲೇ ಇರುತ್ತದೆ. ಇಪ್ಪತ್ತು ಹನಿ ಅಂದರೆ ಸುಮಾರು 1 ಮಿಲಿ. ಅದು ಪೂರ್ತಿ ರಕ್ತಕ್ಕೆ ಸೇರಿದರೂ ದೊಡ್ಡವರಲ್ಲಿ 100 ಮಿಲಿ ರಕ್ತಕ್ಕೆ 2 ಮಿಗ್ರಾಂ ಕೂಡ ದಾಟಲ್ಲ. ಆದರೆ ಬಾಯಲ್ಲಿರುವಾಗ ಊದಿದರೆ ಮಷಿನ್ ಎಷ್ಟು ಬೇಕಾದರೂ ತೋರಿಸಬಹುದು. ಹದಿನೈದು ನಿಮಿಷ ಬಿಟ್ಟರೆ ಇಳಿದುಹೋಗುತ್ತದೆ. ಅದಕ್ಕೇ ಎರಡನೇ ಸಲ ಊದಿಸಿ ಅಂತ ಅಲ್ಲೇ ಕೇಳಬೇಕಿತ್ತು. ನಿಜವಾಗಿ ಕುಡಿದವನದು ಹದಿನೈದು ನಿಮಿಷಕ್ಕೆ ಇಳಿಯಲ್ಲ, ರಕ್ತದಲ್ಲಿ ಗಂಟೆಗೆ 15ರಿಂದ 20 ಮಿಗ್ರಾಂ ಇಳಿದರೆ ಹೆಚ್ಚು.

ಸಕ್ಕರೆ ಕಾಯಿಲೆ ಇದ್ದರೂ ತಪ್ಪು ತೋರಿಸುತ್ತದೆ ಅಂತ ಯಾರಾದರೂ ಹೇಳಬಹುದು. ಅಗ್ಗದ ಸೆಮಿಕಂಡಕ್ಟರ್ ಮಷಿನ್‌ಗೆ ಆ ಮಾತು ಒಪ್ಪುತ್ತದೆ. ಫ್ಯೂಯೆಲ್ ಸೆಲ್ ಅನ್ನುವ ಇನ್ನೊಂದು ಬಗೆಯ ಮಷಿನ್, ಸಕ್ಕರೆ ಕಾಯಿಲೆಯವರ ಉಸಿರಿನಲ್ಲಿ ಬರುವ ಅಸಿಟೋನ್‌ಗೆ ಅಷ್ಟಾಗಿ ಮೋಸಹೋಗಲ್ಲ.

ಗದಗದಿಂದ, ಬಸ್ ಚಾಲಕ
ತಂಗಿ, ಮೇಲಿನವರು ಹೇಳಿದ್ದು ಖರೆ. 2025ರಲ್ಲಿ ಕೇರಳದ ಪಂದಳಂ ಡಿಪೋದಲ್ಲಿ ಹಲಸಿನ ಹಣ್ಣು ತಿಂದು ಬಂದ ಚಾಲಕರು ಊದಿದರೆ ಮಷಿನ್ ಕುಡಿದಿದ್ದಾರೆ ಅಂದಿತ್ತು, ನಮ್ಮ ಡ್ರೈವರುಗಳೆಲ್ಲ ಆ ಸುದ್ದಿ ಹೇಳಿಕೊಂಡು ನಕ್ಕಿದ್ದೇ ನಕ್ಕಿದ್ದು. ನನಗೂ ಒಮ್ಮೆ ಡ್ಯೂಟಿಗೆ ಮೊದಲು ಹಾಗಾಗಿತ್ತು. ಬಾಯಿ ತೊಳೆದು ಅರ್ಧ ತಾಸು ಕೂತು ಮತ್ತೆ ಊದಿದೆ, ಸೊನ್ನೆ. ಕೇಳಿದ್ದಕ್ಕೆ ಉಳಕೊಂಡೆ ನೋಡ್ರಿ. ಜಗಳ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಹಾವೇರಿಯಿಂದ, ವಕೀಲ
ಇದು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಮಿಲಿ ರಕ್ತಕ್ಕೆ 30 ಮಿಗ್ರಾಂ ದಾಟಿದರೆ ಕೇಸು, ಊದಿದ ಲೆಕ್ಕಕ್ಕೂ ಅದೇ ಮಿತಿ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. "ದಂಡ ಕಟ್ಟಿ ಕೈತೊಳಕೋ" ಅನ್ನುವವರು ಈ ಎರಡನೇ ಸಲದ ಮಾತು ಮರೀತಾರೆ. ಇವತ್ತು ಒಪ್ಪಿಕೊಂಡರೆ ಅದು ದಾಖಲೆ, ಮುಂದೆ ಎಂದಾದರೂ ಸಿಕ್ಕಿಬಿದ್ದರೆ ಎರಡನೇ ತಪ್ಪು ಆಗುತ್ತದೆ. ಡಿಎಲ್ ಅಮಾನತಿನ ತಲೆನೋವು ಬೇರೆ.

ಮೊದಲು ಮಷಿನ್‌ನಿಂದ ಬಂದ ಸ್ಲಿಪ್ ನೋಡಿ. ಊದಿಸುವ ಮೊದಲು ಮಷಿನ್ ಖಾಲಿ ಗಾಳಿಗೆ ಸೊನ್ನೆ ತೋರಿಸಿರಬೇಕು. ಅದು ಸೊನ್ನೆ ಇರಲಿಲ್ಲ ಅಂತಲೇ ಕೇರಳ ಹೈಕೋರ್ಟ್ 2025ರಲ್ಲಿ ಒಂದು ಕೇಸ್ ರದ್ದು ಮಾಡಿದೆ. ಆಮೇಲೆ, ಅವನನ್ನು ಬಂಧಿಸಿದ್ದರಾ? ಬಂಧಿಸಿದ್ದರೆ ಎರಡು ಗಂಟೆಯೊಳಗೆ ವೈದ್ಯರ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು. ರಕ್ತ ತೆಗೆದಿದ್ದರೆ ಆ ವರದಿ ಕೇಳಿ. ಊದಲ್ಲ ಅಂತ ಹಠ ಮಾಡುವುದು ಮಾತ್ರ ಬೇಡ, ಅದು ತಿರುಗಿ ನಮಗೇ ಬಡಿಯುತ್ತದೆ.

ನಡೆದು ತೋರಿಸುವುದಕ್ಕೆ ಇಲ್ಲಿ ಬೆಲೆ ಕಡಿಮೆ, ಆದರೆ ಅದರಿಂದ ನಮಗೂ ಒಂದು ಅನುಕೂಲ ಇದೆ. 1971ರಲ್ಲೇ ಸುಪ್ರೀಂ ಕೋರ್ಟ್ ಬಚ್ಚೂಭಾಯಿ ಕರ್ಯಾನಿ ಕೇಸಿನಲ್ಲಿ ಬಾಯಿ ವಾಸನೆ, ತೂರಾಟ, ತೊದಲು ಇಷ್ಟರಿಂದಲೇ ಕುಡಿದಿದ್ದ ಅಂತ ತೀರ್ಮಾನಿಸಲು ಆಗಲ್ಲ ಅಂದಿತ್ತು. ಇನ್ಶೂರೆನ್ಸ್ ವಿಷಯ ಬೇರೆ. ಅಪಘಾತ ಆಗಿದ್ದರೆ ಟೆಸ್ಟ್ ಇಲ್ಲದಿದ್ದರೂ ಕಂಪನಿ ಬೇರೆ ಸಾಕ್ಷಿಯಿಂದ ಕುಡಿದಿದ್ದ ಅಂತ ತೋರಿಸಬಹುದು, 2021ರ ಸುಪ್ರೀಂ ಕೋರ್ಟ್ ತೀರ್ಪಿದೆ. ನಿಮ್ಮ ತಮ್ಮನಿಗೆ ಅದು ಬರಲ್ಲ ಬಿಡಿ.

ಸಪ್ತಾಪುರದವಳು, ಈಗ ಡಲ್ಲಾಸ್‌ನಲ್ಲಿ
ಇಲ್ಲಿ ನಡೆಸಿಯೇ ನೋಡ್ತಾರೆ! ಗೆರೆ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ಒಂಬತ್ತು ಹೆಜ್ಜೆ ಹೋಗಿ ತಿರುಗಿ ಬರಬೇಕು, ಒಂಟಿ ಕಾಲಲ್ಲಿ 30 ಸೆಕೆಂಡ್ ನಿಲ್ಲಬೇಕು, ಪೆನ್ನು ಆಡಿಸಿ ಕಣ್ಣು ನೋಡ್ತಾರೆ. ನಮ್ಮ ಯಜಮಾನರು ಒಂದು ಹನಿ ಮುಟ್ಟದವರು, ಮೊಣಕಾಲು ನೋವಿಗೆ ಒಂಟಿ ಕಾಲಲ್ಲಿ ತೂಗಾಡಿಬಿಟ್ಟರು. ಆಮೇಲೆ ಊದಿಸಿ ಬಿಟ್ಟರು. ಕುತೂಹಲಕ್ಕೆ ಓದಿ ನೋಡಿದೆ, ಈ ಪರೀಕ್ಷೆಗಳ ಬಗ್ಗೆ 1981ರಲ್ಲಿ ಮಾಡಿದ ಅಧ್ಯಯನದಲ್ಲೇ ಕಣ್ಣಿನದು ನೂರಕ್ಕೆ 77 ಸಲ, ನಡೆಯುವುದು 68, ಒಂಟಿ ಕಾಲಿನದು 65 ಸಲ ಸರಿಯಿತ್ತಂತೆ. ಅದೂ ಇಲ್ಲಿನ ಆಗಿನ 100 ಮಿಗ್ರಾಂ ಮಿತಿಗೆ. ನಮ್ಮ 30ಕ್ಕೆ ನಡೆಸಿ ನೋಡಿ ಏನು ಗೊತ್ತಾಗುತ್ತೆ ಹೇಳಿ.

ಕೇಳಿದವಳು
ಎಲ್ಲರಿಗೂ ಥ್ಯಾಂಕ್ಸ್. ಸ್ಲಿಪ್ ಈಗ ಸಿಕ್ಕಿತು, ಪ್ಯಾಂಟಿನ ಜೇಬಿನಲ್ಲಿ ಒಗೆಯಲು ಹೋಗುವುದರಲ್ಲಿತ್ತು. ಬ್ಲ್ಯಾಂಕ್ (ಆ ಖಾಲಿ ಗಾಳಿಯ ಲೆಕ್ಕ) ಎದುರಿಗೆ ಸೊನ್ನೆಯೇ ಇದೆ, ಹಾಗಾಗಿ ಮಷಿನ್ ಮೇಲೆ ಹಾಕುವ ಹಾಗಿಲ್ಲ. ಸಮಯ 11.52. ಬಂಧನ ಆಗಿಲ್ಲ, ರಕ್ತ ತೆಗೆದಿಲ್ಲ, ಎರಡನೇ ಸಲ ಇವನೂ ಕೇಳಿಲ್ಲ. ಕೇಶ್ವಾಪುರದ ಅಣ್ಣ ಹೇಳಿದ ಹಾಗೆ ಒಬ್ಬನನ್ನೇ ಕೂರಿಸಿ ಕೇಳಿದೆ, ಅಮ್ಮನ ಮೇಲೆ ಆಣೆ ಇಟ್ಟು ಇಲ್ಲ ಅಂದ. ಹನಿಯ ಬಾಟಲಿ ಗೆಳೆಯನ ಮನೆಯಲ್ಲೇ ಇದೆಯಂತೆ. ನಾಳೆ ಅದನ್ನು ತಂದು, ಸ್ಲಿಪ್ ಜೊತೆ ವಕೀಲರ ಹತ್ತಿರ ಹೋಗ್ತೀವಿ.