ಡ್ಯುಪ್ಲೆಕ್ಸ್‌ಗೆ ಕನ್ನಡದಲ್ಲಿ ಏನೆನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸಭೆಗೆ ಮನೆ ವಿನ್ಯಾಸಗಳ ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಿಕ್ಕಿಕೊಂಡಿರುವುದು ಎರಡು ಕಡೆ: ಡ್ಯುಪ್ಲೆಕ್ಸ್, ಜೆಂಟಲ್ ಡೆನ್ಸಿಟಿ (ಬೀದಿಯ ಚಹರೆ ಕೆಡದಂತೆ ಮನೆಗಳ ಸಂಖ್ಯೆ ಹೆಚ್ಚಿಸುವುದು). ಅಮೆರಿಕದಲ್ಲಿ ಡ್ಯುಪ್ಲೆಕ್ಸ್ ಎಂದರೆ ಒಂದೇ ಕಟ್ಟಡ, ಎರಡು ಬಾಗಿಲು, ಎರಡು ಅಡುಗೆಮನೆ. ಬೆಂಗಳೂರಿನಲ್ಲಿ ಅದು ಒಳಗೇ ಮೆಟ್ಟಿಲಿರುವ, ಒಂದೇ ಕುಟುಂಬದ ಮನೆ. 10,000 ಮೀರಿದ ಜನಸಂಖ್ಯೆಯ ನಗರಗಳಲ್ಲಿ, ಒಂಟಿ ಮನೆ ಕಟ್ಟಬಹುದಾದ ಸೈಟುಗಳಲ್ಲೆಲ್ಲ ಡ್ಯುಪ್ಲೆಕ್ಸ್‌ಗೂ ಅವಕಾಶವಿರಬೇಕೆಂದು ಅಮೆರಿಕದ ಓರೆಗಾನ್ ರಾಜ್ಯ 2019ರಲ್ಲಿ ಕಾನೂನು ಮಾಡಿತು. ಫಲಕದಲ್ಲಿರುವ ಈ ಸಂಗತಿಯನ್ನು 'ಡ್ಯುಪ್ಲೆಕ್ಸ್' ಎಂದೇ ಬರೆದರೆ, ಉಳ್ಳವರಿಗೆ ದೊಡ್ಡ ಮನೆ ಕಟ್ಟಲು ಅನುಮತಿ ಸಿಕ್ಕಿತೆಂದು ಓದುತ್ತಾರೆ. 'ಎರಡು ಸಂಸಾರದ ಮನೆ' ಆದೀತೇ?

ಮರುನುಡಿ: ಬೇಡ. 'ಎರಡು ಸಂಸಾರ' ಎಂದರೆ ಜನ ಬೇರೆಯದನ್ನೇ ತಿಳಿಯುತ್ತಾರೆ. 'ಇಮ್ಮಡಿ'ಯಂತೆ 'ಇಮ್ಮನೆ' ಮಾಡಬಹುದು, ಆದರೆ ಇಲ್ಲಿ ಎಣಿಸುತ್ತಿರುವುದು ಮನೆಯನ್ನಲ್ಲ, ಒಕ್ಕಲನ್ನು, ಅಂದರೆ ಅಲ್ಲಿ ವಾಸಿಸುವ ಕುಟುಂಬವನ್ನು. ಹಾಗಾಗಿ 'ಎರಡೊಕ್ಕಲ ಮನೆ'. ಹೊಸ ಮನೆ ಹೊಗುವುದಕ್ಕೆ 'ಮನೆ ಒಕ್ಕಲು' ಎನ್ನುತ್ತೇವೆ, ಪತ್ರಿಕೆಗಳು 'ಒಕ್ಕಲೆಬ್ಬಿಸು' ಎಂದು ಇಂದಿಗೂ ಬರೆಯುತ್ತವೆ. ಪದ ಬದುಕಿದೆ. 'ದ್ವಿಗೃಹ' ಎನ್ನಲು ಹೊರಟವರು ದಯವಿಟ್ಟು ಸುಮ್ಮನಿರಿ. ಡೆನ್ಸಿಟಿಗೆ 'ದಟ್ಟಣೆ' ಸಾಕು, 'ಸಾಂದ್ರತೆ' ಏಕೆ?

ಮರುನುಡಿ: ಮೇಷ್ಟ್ರೇ, ದಟ್ಟಣೆ ಎಂದೊಡನೆ ಈ ಊರಿನವರ ಕಣ್ಣಿಗೆ ಬರುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಸಾಲು. ಸಭೆಗೆ ಮುಂಚೆಯೇ ವಿರೋಧ ಶುರುವಾಗುತ್ತದೆ. ಒಕ್ಕಲು ಎಂದರೆ ಬೇಸಾಯ ನೆನಪಾಗುತ್ತದೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ಹೊರಗಡೆ ಮೆಟ್ಟಿಲು. ಬೆಂಗಳೂರು ಇದನ್ನು ಕಟ್ಟುತ್ತಲೇ ಬಂದಿದೆ, ಹೆಸರನ್ನೂ ಇಟ್ಟಿದೆ: ಎರಡು ಪೋರ್ಷನ್ ಮನೆ. ಮೇಸ್ತ್ರಿಗೂ ಗೊತ್ತು, ಬ್ರೋಕರಿಗೂ ಗೊತ್ತು.

ಮರುನುಡಿ: ಪೋರ್ಷನ್ ಕನ್ನಡವಲ್ಲ. ಹೀಗೆ ಬಿಟ್ಟುಕೊಟ್ಟೇ ಪಡಸಾಲೆ ಹಾಲ್ ಆಯಿತು, ಬಚ್ಚಲು ಬಾತ್‌ರೂಮ್ ಆಯಿತು. ಇನ್ನು ಉಳಿದಿರುವುದು ಹೊಸ್ತಿಲು ಮಾತ್ರ.

ಮರುನುಡಿ: ಅಲಮಾರು ಪೋರ್ಚುಗೀಸಿನಿಂದ ಬಂತು, ಅದನ್ನು ಯಾರೂ ಹೊರಗೆ ಹಾಕಿಲ್ಲ. ಬಾಡಿಗೆಗೆ ಮನೆ ಹುಡುಕುವವರ ಬಾಯಲ್ಲಿರುವ ಮಾತು ಕನ್ನಡವಲ್ಲವೆಂದರೆ, ಆ ಜನರನ್ನೇ ಭಾಷೆಯಿಂದ ಒಕ್ಕಲೆಬ್ಬಿಸಿದಂತೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದ. ಫಲಕ ಓದುವವರು ಬೀದಿಯವರೇ ಆದ್ದರಿಂದ 'ಎರಡು ಪೋರ್ಷನ್ ಮನೆ' ಎಂದೇ ಹಾಕುತ್ತೇನೆ. ಜೆಂಟಲ್ ಡೆನ್ಸಿಟಿ ಇನ್ನೂ ಬಗೆಹರಿದಿಲ್ಲ. ಅಕ್ಕಪಕ್ಕದ ಮನೆಗಳ ಎತ್ತರ ಮೀರದೆ, ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ) ನುಂಗದೆ, ಮರ ಕಡಿಯದೆ ಮನೆಗಳ ಸಂಖ್ಯೆ ಹೆಚ್ಚಿಸುವುದು ಅದರ ಆಶಯ. 'ಹದವಾಗಿ ಮನೆ ಹೆಚ್ಚಿಸುವುದು' ಎಂದು ಬಿಡಿಸಿ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಹೊಳೆದರೆ ಇವತ್ತು ರಾತ್ರಿಯೊಳಗೆ ತಿಳಿಸಿ.