ಅಪ್‌ಡೇಟ್: ಅವ್ವನ ಸೊಂಟದ ಕೆಂಪು ಕಲೆ ಇಳೀತು

ಹೋದ್ ವಾರ ಕೇಳಿದ್ನಲ್ಲ, ಲಕ್ವ ಹೊಡ್ದು ಮಂಡ್ಯದ ಆಸ್ಪತ್ರೆಲಿ ಮಲಗಿರೋ ನಮ್ಮವ್ವಂಗೆ ಸೊಂಟದ ಕೆಳಗೆ ಕೆಂಪಗಾಗಿದೆ, ಬೆರಳಲ್ಲಿ ಒತ್ತಿದ್ರೂ ಬೆಳ್ಳಗಾಗ್ತಿಲ್ಲ ಅಂತ, ಅದ್ರದ್ದೇ ಅಪ್‌ಡೇಟ್. ಅದು ಬೆಡ್‌ಸೋರ್, ಅಂದ್ರೆ ಒಂದೇ ಕಡೆ ಮಲಗಿ ಒತ್ತಿ ಆಗೋ ಹುಣ್ಣಿನ ಮೊದಲ್ನೇ ಸ್ಟೇಜೇ ಅಂತೆ, ಸದ್ಯ ಚರ್ಮ ಕಿತ್ತಿರ್ಲಿಲ್ಲ. ನಾನು ಪೆದ್ದನ ಥರ ಕೊಬ್ರಿಎಣ್ಣೆ ಹಾಕಿ ಅದೇ ಜಾಗನ ಉಜ್ತಿದ್ದೆ, ಟ್ಯೂಬ್ ಥರದ ರಿಂಗ್ ದಿಂಬು ಬೇರೆ ತಂದಿದ್ದೆ, ಸಿಸ್ಟರ್ ನೋಡಿ ಚೆನ್ನಾಗಿ ಬೈದ್ರು, ಕೆಂಪಗಿರೋದನ್ನ ಉಜ್ಜಿದ್ರೆ ಒಳಗಿನ ಮಾಂಸಕ್ಕೆ ಪೆಟ್ಟು, ರಿಂಗು ಸುತ್ಲೂ ಒತ್ತಿ ರಕ್ತನೇ ಓಡಾಡದಂಗೆ ಮಾಡುತ್ತೆ ಅಂತ.

ಈಗ 2 ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸ್ತೀವಿ. ಪೂರ್ತಿ ಪಕ್ಕಕ್ಕಲ್ಲ, ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿ ಓರೆ, ಹಿಮ್ಮಡಿ ಹಾಸಿಗೆಗೆ ತಾಗದಂಗೆ ಮೀನಖಂಡದ ಕೆಳಗೊಂದು ದಿಂಬು. ದರದರ ಎಳೀಬಾರ್ದು, ಕೆಳಗಿನ ಬೆಡ್‌ಶೀಟ್ ಹಿಡ್ಕೊಂಡು ಇಬ್ರು ಎತ್ತಿ ಸರಿಸ್ಬೇಕು. ರಾತ್ರಿ ಪಾಳಿ ನಂದೇ, ಅಲಾರಾಂ ಹೊಡೆದ್ರೆ ನನಗಿಂತ ಮೊದ್ಲು ಪಕ್ಕದ ಬೆಡ್ ಅಜ್ಜಿಗೆ ಎಚ್ಚರ, "ಏಳ್ ಮಗಾ, ನಿಮ್ಮವ್ವನ್ನ ತಿರುಗ್ಸು" ಅಂತದೆ!

ಗಾಳಿ ಹಾಸಿಗೆ ಬಾಡಿಗೆಗೆ ತಂದ್ವಿ, ಅದಿದೆ ಅಂತ ತಿರುಗ್ಸೋದು ಬಿಡಂಗಿಲ್ಲ ಮತ್ತೆ. ಡೈಪರ್ ಒದ್ದೆಯಾದ್ರೆ ತಕ್ಷಣ ಬದಲಾವಣೆ. ನುಂಗೋಕೆ ತೊಂದ್ರೆ ಇಲ್ಲ ಅಂತ ಡಾಕ್ಟ್ರು ನೋಡಿದ್ಮೇಲೆ ಮೊಟ್ಟೆ, ಬೇಳೆ ಜಾಸ್ತಿ ಕೊಡ್ತಿದೀವಿ.

ಐದನೇ ದಿನಕ್ಕೆ ಕೆಂಪು ತಿಳಿಯಾಯ್ತು, ನಿನ್ನೆಯಿಂದ ಕಾಣ್ತಾನೇ ಇಲ್ಲ. ಎಡಗಾಲಿನ ಹಿಮ್ಮಡಿ ಮಾತ್ರ ಯಾಕೋ ಒಂಚೂರು ಅನುಮಾನ, ದಿನಾ ಟಾರ್ಚ್ ಹಾಕಿ ನೋಡ್ತಿದೀನಿ.