ಅಪ್‌ಡೇಟ್: ಮಾಗಡಿ ಕೆರೆಯ ಪಟ್ಟೆಯಿಲ್ಲದ ಹೆಬ್ಬಾತುಗಳು

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ನಡುವೆ ಪಟ್ಟೆಯೇ ಇಲ್ಲದ ಕೆಲವು ಕಂಡಿದ್ದವು, ಅವು ಬೇರೆ ಜಾತಿಯಾದ ಬೂದು ಹೆಬ್ಬಾತುಗಳೇ ಎಂದು ಹಿಂದೆ ಕೇಳಿದ್ದೆ. ಅಲ್ಲ, ಪಟ್ಟೆತಲೆಗಳದ್ದೇ ಆ ವರ್ಷದ ಮರಿಗಳು. ಸ್ಕೋಪ್ (ಹಕ್ಕಿ ನೋಡುವ ದೂರದರ್ಶಕ) ಹಾಕಿ ನೋಡಿ ಎಂದವರಿಗೆ ಧನ್ಯವಾದ. ಕೊಕ್ಕು ಹಳದಿ, ತುದಿ ಕಪ್ಪು, ಕಾಲೂ ಹಳದಿಯೇ. ತಲೆಯ ಹಿಂಬದಿ ಮಾತ್ರ ಮಾಸಲು ಕಂದು. ಬೂದು ಹೆಬ್ಬಾತಾಗಿದ್ದರೆ ಕೊಕ್ಕು, ಕಾಲು ಎರಡೂ ಗುಲಾಬಿ ಇರಬೇಕಿತ್ತು.

ಕೆರೆಯ ಹೆಬ್ಬಾತುಗಳನ್ನು ಎಣಿಸುವಾಗ ಲೆಕ್ಕವೂ ತಪ್ಪುತ್ತಿತ್ತು, ಅದು ಹೊತ್ತು ನೋಡದೆ ಹೋಗಿದ್ದರಿಂದ. ನಸುಕಿನಲ್ಲಿ ಹಕ್ಕಿಗಳು ಹೊಲದಲ್ಲಿ ಮೇಯುತ್ತಿರುತ್ತವೆ, ಬಿಸಿಲೇರಿದಂತೆ ಕೆರೆಗೆ ಮರಳುತ್ತವೆ. ಇಳಿಯುವ ಸಾಲುಗಳನ್ನೇ ಹತ್ತು ಹತ್ತಾಗಿ ಎಣಿಸಬೇಕು. ಬಿಸಿಲು ಬಲಿತ ಮೇಲೆ ನೀರಿನ ಮೇಲಿನ ಗಾಳಿ ನಡುಗಿ, ಸ್ಕೋಪಿನಲ್ಲಿ ಪಟ್ಟೆ ಕಲಸಿಹೋಗುತ್ತದೆ. ಹತ್ತಿರ ಮಾತ್ರ ಹೋಗಬೇಡಿ. ಕತ್ತೆತ್ತಿ ನಿಂತವೆಂದರೆ ಇನ್ನೇನು ಹಾರುತ್ತವೆ ಎಂದರ್ಥ.